ಒಂದು ನಿಂಬೆಹಣ್ಣು ಸಾಕು: ತಿನ್ನುವ ವಸ್ತುಗಳ ಜೊತೆ ಆಡುತ್ತಾ ಮಕ್ಕಳಿಗೆ ಮಾತು ಕಲಿಸುವ ಬಗೆ

ಆಹಾರದ ವಿಷಯ ಇಟ್ಟುಕೊಂಡು ಭಾಷೆ ಕಲಿಸೋಣ ಅಂದ ಕೂಡಲೇ ಹೆಚ್ಚಿನವರು ಮೊದಲು ಮಾಡುವ ಕೆಲಸ ಹಣ್ಣು-ತರಕಾರಿಗಳ ಚಾರ್ಟ್ ತಂದು ಗೋಡೆಗೆ ಅಂಟಿಸುವುದು. ಆಮೇಲೆ ಬೆರಳಿಟ್ಟು "ಇದೇನು?" ಎಂದು ಕೇಳುವುದು. ಮಕ್ಕಳೆಲ್ಲ "ಸೇಬೂ..." ಎಂದು ಒಟ್ಟಿಗೆ ಕೂಗುತ್ತಾರೆ. ನೋಡುವವರಿಗೆ ಪಾಠ ಜೋರಾಗಿ ನಡೆದಂತೆಯೇ ಕಾಣುತ್ತದೆ. ಆದರೆ ಆ ಮಕ್ಕಳಲ್ಲಿ ಮುಕ್ಕಾಲು ಜನಕ್ಕೆ ಸೇಬು ಎಂಬ ಪದ ಮನೆಯಲ್ಲೇ ಗೊತ್ತಿತ್ತು. ಅವರು ಹೊಸದಾಗಿ ಏನನ್ನೂ ಹೇಳಲಿಲ್ಲ.

ಹೆಸರು ಕಲಿಸುವುದು ಈ ಕೆಲಸದಲ್ಲಿ ತೀರಾ ಸುಲಭದ ಭಾಗ. ತಿನ್ನುವ ವಸ್ತುವಿನ ನಿಜವಾದ ಉಪಯೋಗ ಬೇರೆ ಕಡೆ ಇದೆ. ಅದನ್ನು ಮುಟ್ಟಬಹುದು, ಮೂಸಬಹುದು, ಸುಲಿಯಬಹುದು, ಹಿಂಡಬಹುದು. ಅದು ಚೆಲ್ಲುತ್ತದೆ, ಅಂಟುತ್ತದೆ, ಎರಡು ದಿನ ಬಿಟ್ಟರೆ ಬಣ್ಣ ಬದಲಾಯಿಸುತ್ತದೆ. ಇಷ್ಟ ಇದೆ, ಇಷ್ಟ ಇಲ್ಲ ಎಂದು ಜಗಳ ಮಾಡಲೂ ಅವಕಾಶ ಕೊಡುತ್ತದೆ. ಇಷ್ಟೆಲ್ಲ ಆಗುವಾಗ ಮಗುವಿಗೆ ಮಾತಾಡಲು ಕಾರಣ ಸಿಗುತ್ತದೆ. ಕ್ರಿಯಾಪದ, ಗುಣ ಹೇಳುವ ಪದ, ಪ್ರಶ್ನೆ, ನೆಪ, ದೂರು ಎಲ್ಲವೂ ಅಲ್ಲಿಂದಲೇ ಹುಟ್ಟುತ್ತವೆ.

ಇಲ್ಲಿ ಬರೆದಿರುವುದು 3ರಿಂದ 6 ವರ್ಷದ ಮಕ್ಕಳಿಗೆ. ಮನೆಯಲ್ಲಿ ಒಂದೇ ಮಗುವಿದ್ದರೂ ನಡೆಯುತ್ತದೆ, ತರಗತಿಯಲ್ಲಿ ಇಪ್ಪತ್ತು ಮಕ್ಕಳಿದ್ದರೂ ನಡೆಯುತ್ತದೆ. ಇಪ್ಪತ್ತಿದ್ದರೆ ಐದೈದು ಮಕ್ಕಳ ಗುಂಪು ಮಾಡಿ. ಒಂದೇ ನಿಂಬೆಹಣ್ಣಿನ ಸುತ್ತ ಇಪ್ಪತ್ತು ಜನ ಕೂತರೆ ಮಾತಾಡುವುದು ಇಬ್ಬರೇ.

ಶುರು ಮಾಡುವ ಮೊದಲು

ಅಲರ್ಜಿ ಯಾರಿಗೆ ಏನಿದೆ ಎಂದು ಪೋಷಕರನ್ನು ಕೇಳಿ ಬರೆದಿಟ್ಟುಕೊಳ್ಳಿ. ಹಾಲು, ಮೊಟ್ಟೆ, ಕಡಲೆಕಾಯಿ, ಗೋಡಂಬಿ-ಬಾದಾಮಿಯಂಥ ಬೀಜಗಳು, ಗೋಧಿ, ಸೋಯಾ, ಎಳ್ಳು, ಮೀನು, ಸಿಗಡಿ ಇವುಗಳ ಬಗ್ಗೆ ಹೆಸರು ಹಿಡಿದೇ ಕೇಳಿ. "ಏನಾದರೂ ಅಲರ್ಜಿ ಇದೆಯಾ?" ಎಂದು ಸುಮ್ನೆ ಕೇಳಿದರೆ ಅರ್ಧ ಜನ "ಇಲ್ಲ" ಎಂದುಬಿಡುತ್ತಾರೆ. ಧರ್ಮದ ಕಾರಣಕ್ಕೋ ಮನೆಯ ಪದ್ಧತಿಯಿಂದಲೋ ತಿನ್ನದ ವಸ್ತುಗಳಿದ್ದರೆ ಅದನ್ನೂ ಕೇಳಿ.

ಇನ್ನು ಗಂಟಲಲ್ಲಿ ಸಿಕ್ಕಿಕೊಳ್ಳುವ ವಸ್ತುಗಳು. ಇಡೀ ದ್ರಾಕ್ಷಿ, ಇಡೀ ಬೀಜಗಳು, ಪಾಪ್‌ಕಾರ್ನ್, ಹಸಿ ಕ್ಯಾರೆಟ್ಟಿನ ದುಂಡನೆಯ ಹೋಳು ಸಣ್ಣ ಮಕ್ಕಳಿಗೆ ಅಪಾಯ. ದ್ರಾಕ್ಷಿಯನ್ನು ಉದ್ದುದ್ದಕ್ಕೆ ನಾಲ್ಕಾಗಿ ಸೀಳಿ. ಕ್ಯಾರೆಟ್ ತುರಿಯಿರಿ ಅಥವಾ ಬೇಯಿಸಿ. ತಿನ್ನುವಾಗ ಎಲ್ಲರೂ ಕೂತಿರಬೇಕು. ಓಡುತ್ತಾ ನಗುತ್ತಾ ತಿನ್ನುವುದು ಈ ಆಟದಲ್ಲಿ ಬೇಡ. ಚಾಕು ದೊಡ್ಡವರ ಕೈಯಲ್ಲೇ ಇರಲಿ. ಬಾಳೆಹಣ್ಣಿನಂಥ ಮೆತ್ತನೆಯದನ್ನು ಮಾತ್ರ ಮಕ್ಕಳು ಚಮಚದ ಅಂಚಿನಿಂದ ಕತ್ತರಿಸಬಹುದು.

ಹಂತ 1: ಪದಗಳನ್ನು ಆರಿಸಿ, ಅದೂ ಕಡಿಮೆ

ಒಂದು ವಾರಕ್ಕೆ ಒಂದೋ ಎರಡೋ ವಸ್ತು, ಎಂಟು-ಹತ್ತು ಪದ. ಇಷ್ಟೇ. ಆ ಹತ್ತರಲ್ಲಿ ಹೆಸರುಗಳು ಎರಡು-ಮೂರಕ್ಕಿಂತ ಜಾಸ್ತಿ ಬೇಡ. ನಿಂಬೆಹಣ್ಣಿನ ವಾರ ಎಂದುಕೊಳ್ಳಿ. ಸಿಪ್ಪೆ, ಬೀಜ, ರಸ ಎಂಬ ಮೂರು ಹೆಸರು ಸಾಕು. ಉಳಿದದ್ದು ಹಿಂಡು, ಸೋಸು, ಕಲಕು, ಕರಗು ಎಂಬ ಕೆಲಸಗಳು. ಜೊತೆಗೆ ಹುಳಿ, ಒರಟು, ಜಿಗುಟು ಎಂಬ ಗುಣಗಳು. "ಕರಗು" ಎಂಬುದನ್ನು ಬೇಕೆಂದೇ ಸೇರಿಸಿದ್ದೇನೆ. ಪಟ್ಟಿಯಲ್ಲಿ ಒಂದಾದರೂ ಮಗುವಿನ ವಯಸ್ಸಿಗೆ ಸ್ವಲ್ಪ ದೊಡ್ಡದು ಅನ್ನಿಸುವ ಪದ ಇರಬೇಕು. ಮಕ್ಕಳು ನಾವಂದುಕೊಂಡದ್ದಕ್ಕಿಂತ ಬೇಗ ಹಿಡಿಯುತ್ತಾರೆ.

1978ರಲ್ಲಿ ಸೂಸನ್ ಕ್ಯಾರಿ ಮತ್ತು ಎಲ್ಸಾ ಬಾರ್ಟ್ಲೆಟ್ ಎಂಬ ಸಂಶೋಧಕರು ಇದನ್ನು ನೋಡಿದ್ದರು. ಮೂರು-ನಾಲ್ಕು ವರ್ಷದ ಮಕ್ಕಳಿಗೆ ಎರಡು ತಟ್ಟೆ ತೋರಿಸಿ, "ಕ್ರೋಮಿಯಂ ತಟ್ಟೆ ತಾ, ನೀಲಿಯದಲ್ಲ" ಎಂದರು. ಕ್ರೋಮಿಯಂ ಎಂಬುದನ್ನು ಅಲ್ಲಿ ಒಂದು ಬಣ್ಣದ ಹೆಸರಾಗಿ ಬಳಸಿದ್ದರು. ಮಕ್ಕಳು ಆ ಪದ ಕೇಳಿದ್ದು ಅದೇ ಮೊದಲು. ಸರಿಯಾದ ತಟ್ಟೆ ತಂದರು. ದಿನಗಳು ಕಳೆದ ಮೇಲೂ ಆ ಪದದ ಬಗ್ಗೆ ಏನೋ ಒಂದಿಷ್ಟು ಹಲವರಲ್ಲಿ ಉಳಿದಿತ್ತು. ಉಳಿದದ್ದು ಪೂರ್ತಿ ಅರ್ಥವಲ್ಲ, ಅರೆಬರೆ. ಅದನ್ನು ಪೂರ್ತಿ ಮಾಡುವುದಕ್ಕೇ ಅದೇ ಪದ ಬೇರೆ ಬೇರೆ ಕೆಲಸದಲ್ಲಿ, ಬೇರೆ ಬೇರೆ ವಾಕ್ಯದಲ್ಲಿ ಮತ್ತೆ ಮತ್ತೆ ಬರಬೇಕು. ಇಪ್ಪತ್ತು ಹಣ್ಣಿನ ಚಾರ್ಟ್ ಸೋಲುವುದು ಇಲ್ಲೇ. ಒಂದೊಂದು ಪದಕ್ಕೂ ಒಂದೊಂದೇ ಸರದಿ.

ಹಂತ 2: ಚೀಲದ ಆಟ

ಒಂದು ಬಟ್ಟೆ ಚೀಲ ತೆಗೆದುಕೊಳ್ಳಿ. ಒಳಗೆ ಒಂದು ಹಣ್ಣೋ ತರಕಾರಿಯೋ ಹಾಕಿ. ಮಗು ಕೈ ಹಾಕಿ ಮುಟ್ಟಬೇಕು, ನೋಡುವಂತಿಲ್ಲ, ಹೆಸರು ಹೇಳುವಂತಿಲ್ಲ. ಹೇಗಿದೆ ಎಂದು ಮಾತ್ರ ಹೇಳಬೇಕು. ಉಳಿದವರು ಊಹಿಸಬೇಕು. ಹೆಸರು ಹೇಳುವಂತಿಲ್ಲ ಎಂಬ ನಿಯಮವೇ ಇಲ್ಲಿ ಮುಖ್ಯ. ಹೆಸರಿನ ದಾರಿ ಮುಚ್ಚಿದಾಗ ಮಗು ಬೇರೆ ಪದ ಹುಡುಕಲೇಬೇಕಾಗುತ್ತದೆ.

ಕಿತ್ತಳೆ ಒಳಗಿದ್ದಾಗ ಮಾತು ಸುಮಾರಾಗಿ ಹೀಗೆ ಸಾಗುತ್ತದೆ:

"ಏನನ್ನಿಸ್ತಿದೆ ಪುಟ್ಟಾ?"

"ಗುಂಡಗಿದೆ."

"ಗುಂಡಗಿದೆಯಾ? ಮೆತ್ತಗಿದೆಯೋ, ಗಟ್ಟಿಯಾಗಿದೆಯೋ?"

"ಗಟ್ಟಿ. ಅಲ್ಲ ಅಲ್ಲ... ಒತ್ತಿದ್ರೆ ಸ್ವಲ್ಪ ಒಳಗೆ ಹೋಗುತ್ತೆ."

"ಓಹೋ, ಅದುಮಿದರೆ ಸ್ವಲ್ಪ ತಗ್ಗುತ್ತೆ. ಸಿಪ್ಪೆ ಹೇಗಿದೆ?"

"ಚುಕ್ಕಿ ಚುಕ್ಕಿ."

"ಹೂಂ, ಕೈಗೆ ಸಣ್ಣ ಸಣ್ಣ ಗುಳಿ ಸಿಗ್ತಿದೆ ಅಲ್ವಾ? ನುಣುಪಾಗಿಲ್ಲ, ಒರಟೊರಟು."

ಇಲ್ಲಿ ದೊಡ್ಡವರು ಮಾಡಿದ್ದನ್ನು ಗಮನಿಸಿ. ಮಗುವಿನ "ಒಳಗೆ ಹೋಗುತ್ತೆ" ಎಂಬುದನ್ನು ತಿದ್ದಲಿಲ್ಲ, ಅದನ್ನೇ ಎತ್ತಿಕೊಂಡು ಎರಡು ಹೊಸ ಪದ ಕೊಟ್ಟರು. "ಚುಕ್ಕಿ" ಅಂದದ್ದು ತಪ್ಪು ಎನ್ನಲಿಲ್ಲ. ಕಣ್ಣಿಗೆ ಸಂಬಂಧಿಸಿದ ಪದವನ್ನು ಕೈಗೆ ತಂದು ಹೇಳಿದ್ದು ಮಗುವಿನ ಜಾಣತನ. ಅದಕ್ಕೆ ಪಕ್ಕದಲ್ಲೇ "ಗುಳಿ" ಇಟ್ಟರೆ ಸಾಕು.

ಕನ್ನಡದಲ್ಲಿ ಈ ಆಟಕ್ಕೆ ಒಂದು ದೊಡ್ಡ ಅನುಕೂಲ ಇದೆ. ಗರಿಗರಿ, ಲೊಳಲೊಳ, ಪಚಪಚ, ಕರುಂಕುರುಂ, ಅಂಟಂಟು, ತರಿತರಿ ಎಂಬ ಜೋಡಿ ಪದಗಳನ್ನು ಮಕ್ಕಳು ನಾಲಗೆಯಲ್ಲಿ ಉರುಳಿಸಲು ಹಂಬಲಿಸುತ್ತಾರೆ. ಸೌತೆಕಾಯಿ ಕಚ್ಚಿದಾಗ ಯಾವ ಸದ್ದು, ಬಾಳೆಹಣ್ಣು ಕಚ್ಚಿದಾಗ ಯಾವ ಸದ್ದು ಎಂದು ಕೇಳಿ. ಅವರೇ ಹೊಸದೊಂದು ಕಟ್ಟಿದರೆ ಅದನ್ನೂ ಪಟ್ಟಿಗೆ ಸೇರಿಸಿ. ನಿಘಂಟಿನಲ್ಲಿ ಇಲ್ಲದಿದ್ದರೆ ಏನೀಗ?

ಹಂತ 3: ಕೈ ಕೆಲಸ ಮಾಡಲಿ, ಬಾಯಿ ತಾನಾಗಿ ಬರುತ್ತದೆ

ಒಲೆ ಹಚ್ಚದೆ ಮಾಡುವಂಥದ್ದು ಆರಿಸಿ. ನಿಂಬೆ ಪಾನಕ, ಹಣ್ಣಿನ ಸಲಾಡ್, ಬೆಣ್ಣೆ ಸವರಿದ ಬ್ರೆಡ್ ಇವು ಸಾಕಷ್ಟು. ಮೊದಲ ದಿನ ಮಕ್ಕಳು ಮಾತಾಡಲೇಬೇಕೆಂದಿಲ್ಲ. ನೀವು ಹೇಳಿ, ಅವರು ಮಾಡಲಿ. "ನಿಂಬೆಹಣ್ಣು ತೊಳಿ." "ಮೇಜಿನ ಮೇಲಿಟ್ಟು ಹೊರಳಿಸು." "ಬೀಜ ತೆಗೆದು ಸಣ್ಣ ಬಟ್ಟಲಿಗೆ ಹಾಕು." ಕೇಳಿ ಅರ್ಥ ಮಾಡಿಕೊಳ್ಳುವುದು ಮಾತಾಡುವುದಕ್ಕಿಂತ ಮೊದಲು ಬರುತ್ತದೆ. ಜೇಮ್ಸ್ ಆಶರ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ, ಮಾತು ಕೇಳಿ ಮೈ ಅಲುಗಿಸಿ ಕೆಲಸ ಮಾಡುವುದರ ಮೇಲೆಯೇ ಒಂದು ಇಡೀ ಬೋಧನಾ ವಿಧಾನ ಕಟ್ಟಿದರು. ಹೊಸ ಭಾಷೆ ಕಲಿಯುವ ಮಕ್ಕಳಿಗೆ ಇದು ತುಂಬ ಹಗುರ. ಬಾಯಿ ಬಿಡದೆಯೂ ಅವರು ಆಟದಲ್ಲಿ ಇರಬಹುದು.

ಮೂರು ವರ್ಷದವರಿಗೆ ಒಂದೊಂದೇ ಸೂಚನೆ ಕೊಡಿ. ನಾಲ್ಕು ದಾಟಿದವರಿಗೆ ಎರಡು ಜೋಡಿಸಿ: "ಸಕ್ಕರೆ ಹಾಕಿ, ಆಮೇಲೆ ಕಲಕು." ಐದಾದವರಿಗೆ ಸ್ವಲ್ಪ ಸಿಕ್ಕು ಹಾಕಿ: "ಕಲಕುವ ಮೊದಲು ಸಕ್ಕರೆ ಹಾಕು." ಪದ ಅವೇ, ಕೆಲಸವೂ ಅದೇ. ಆದರೆ ಹೇಳಿದ ಕ್ರಮ ಮತ್ತು ಮಾಡುವ ಕ್ರಮ ಬೇರೆಯಾಯಿತು. ಎಷ್ಟು ಮಕ್ಕಳು ಎಡವುತ್ತಾರೆ ನೋಡಿ!

ಎರಡನೇ ದಿನ ಅದೇ ಪಾನಕ ಮತ್ತೆ ಮಾಡಿ. ಈ ಸಲ ಸೂಚನೆ ಕೊಡುವುದು ಮಕ್ಕಳು, ಮಾಡುವುದು ನೀವು. ನೀವು ಅಕ್ಷರಶಃ ಅವರು ಹೇಳಿದಷ್ಟೇ ಮಾಡಿ. "ನಿಂಬೆಹಣ್ಣು ಹಾಕಿ" ಅಂದರೆ ಇಡೀ ಹಣ್ಣನ್ನೇ ಪಾತ್ರೆಗೆ ಬಿಡಿ. "ಅಯ್ಯೋ ಹಾಗಲ್ಲ, ಹಿಂಡಿ!" ಎಂದು ಕೂಗುತ್ತಾರಲ್ಲ, ಆ ಕ್ಷಣಕ್ಕಾಗಿಯೇ ಇಷ್ಟು ಹೊತ್ತು ಕಾದಿದ್ದು.

ಇನ್ನೊಂದು ಉಪಾಯ ವಾಕ್ ಚಿಕಿತ್ಸಕರು ದಿನಾ ಬಳಸುವಂಥದ್ದು. ಬೇಕೆಂದೇ ಒಂದು ವಸ್ತು ಕಡಿಮೆ ಇಡಿ. ಎಲ್ಲರಿಗೂ ಬಟ್ಟಲು ಕೊಟ್ಟು ಚಮಚ ಕೊಡಬೇಡಿ. ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ ಕೈಗೆ ಕೊಡಿ. ಆಮೇಲೆ ಏನೂ ಗೊತ್ತಿಲ್ಲದವರಂತೆ ಕೂತಿರಿ. ಕೇಳುವ ಅಗತ್ಯ ಬಿದ್ದಾಗ ಮಗು ಕೇಳುತ್ತದೆ. ಆದರೆ ಅಳುವ ತನಕ ಎಳೆಯಬೇಡಿ. ಕೈ ತೋರಿಸಿ "ಊಂ" ಎಂದರೂ ಅದು ಕೇಳಿದಂತೆಯೇ. "ಮುಚ್ಚಳ ತೆಗೀಬೇಕಾ?" ಎಂದು ಪದ ಕೊಟ್ಟು ತೆಗೆಯಿರಿ.

ಹಂತ 4: ಕೇಳುವ ಪ್ರಶ್ನೆ, ಕಾಯುವ ಹೊತ್ತು

"ಇದು ಯಾವ ಬಣ್ಣ?" "ಇದರ ಹೆಸರೇನು?" ಇಂಥವು ಪರೀಕ್ಷೆಯ ಪ್ರಶ್ನೆಗಳು. ಕೇಳುವವರಿಗೂ ಉತ್ತರ ಗೊತ್ತು, ಮಗುವಿಗೂ ಅದು ಗೊತ್ತು. ಒಂದು ಪದದಲ್ಲಿ ಮಾತು ಮುಗಿಯುತ್ತದೆ. ಅದರ ಬದಲು ನಿಮಗೂ ಉತ್ತರ ಗೊತ್ತಿಲ್ಲದ್ದನ್ನು ಕೇಳಿ. "ಇದನ್ನು ತಿಂದರೆ ನಿನ್ನ ಮುಖ ಹೇಗಾಗುತ್ತೆ?" "ಉಪ್ಪು ಹಾಕಿದರೆ ಏನಾಗಬಹುದು?" "ನಿನಗೆ ಯಾಕೆ ಇಷ್ಟ ಆಗಲಿಲ್ಲ?"

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದು ಪ್ರಶ್ನೆ ಕೇಳುವುದಕ್ಕಿಂತ ಕಷ್ಟ. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಸಂಶೋಧಕಿ ಶಾಲಾ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ 1 ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುತ್ತಿದ್ದವರೂ ಬಾಯಿ ಬಿಟ್ಟರು. ಅವು ಶಾಲೆಗೆ ಹೋಗುವ ಮಕ್ಕಳ ತರಗತಿಗಳು. ಇನ್ನೂ ಚಿಕ್ಕವರಿಗೆ ಐದು ಸೆಕೆಂಡು ಕೊಡಿ. ಮನಸ್ಸಿನಲ್ಲೇ ಎಣಿಸಿ, ಇಲ್ಲದಿದ್ದರೆ ಆಗುವುದಿಲ್ಲ.

ಪಾನಕದ ಸಕ್ಕರೆ ಕರಗಿದಾಗ ಒಂದು ಒಳ್ಳೆಯ ಜಾಗ ಸಿಗುತ್ತದೆ. "ಸಕ್ಕರೆ ಎಲ್ಲಿ ಹೋಯ್ತು?" ಎಂದು ಕೇಳಿ, ಕಾಯಿರಿ. "ಓಡಿಹೋಯ್ತು" ಎನ್ನುತ್ತದೆ ಒಂದು ಮಗು. "ನೀರು ತಿಂದುಬಿಡ್ತು" ಎನ್ನುತ್ತದೆ ಇನ್ನೊಂದು. ಎರಡನ್ನೂ ಒಪ್ಪಿಕೊಂಡು, "ಹೌದಲ್ಲ, ಕಾಣ್ತಾನೇ ಇಲ್ಲ! ಒಂದು ಗುಟುಕು ಕುಡಿದು ನೋಡು" ಎನ್ನಿ. ಸಿಹಿ ಸಿಕ್ಕಿದ ಮೇಲೆ "ಹಾಗಾದರೆ ಇಲ್ಲೇ ಇದೆ. ನೀರಲ್ಲಿ ಕರಗಿದೆ" ಎಂದು ಪದ ಕೊಡಿ. ಮೊದಲೇ "ಇದಕ್ಕೆ ಕರಗುವುದು ಅನ್ನುತ್ತಾರೆ" ಎಂದಿದ್ದರೆ ಅದು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತಿತ್ತು.

ವ್ಯಾಕರಣದ ತಪ್ಪುಗಳಿಗೂ ಇದೇ ನೀತಿ. ಮಗು "ನಾನು ಬಾಳೆಹಣ್ಣು ತಿನ್ನಿದೆ" ಎಂದರೆ "ತಿನ್ನಿದೆ ಅಲ್ಲ, ತಿಂದೆ ಅನ್ನು" ಎನ್ನಬೇಡಿ. "ಓ, ತಿಂದೆಯಾ? ಎಷ್ಟು ತಿಂದೆ?" ಎಂದು ಸರಿಯಾದ ರೂಪವನ್ನು ನಿಮ್ಮ ಮಾತಿನಲ್ಲಿ ದಾಟಿಸಿ. "ತಿನ್ನಿದೆ" ಎನ್ನುವ ಮಗು ನಿಯಮ ಹಿಡಿದಿದೆ ಎಂದರ್ಥ. ಬೇಡು-ಬೇಡಿದೆ, ನೋಡು-ನೋಡಿದೆ ಇದ್ದಂತೆ ತಿನ್ನು-ತಿನ್ನಿದೆ. ಲೆಕ್ಕ ಸರಿಯಾಗಿಯೇ ಇದೆ, ಭಾಷೆಯೇ ಸ್ವಲ್ಪ ಕೈಕೊಟ್ಟಿದೆ.

ಒಂದು ವಾರದ ಬಾಳೆಹಣ್ಣು

ಇದಕ್ಕೆ ಹೆಚ್ಚು ತಯಾರಿ ಬೇಡ, ಫಲ ಮಾತ್ರ ಜಾಸ್ತಿ. ಹಸಿರು ಬಾಳೆಯೊಂದನ್ನು ಮಕ್ಕಳ ಕಣ್ಣಿಗೆ ಬೀಳುವ ಕಡೆ ಇಡಿ. ದಿನಾ ಎರಡು ನಿಮಿಷ ಅದನ್ನು ನೋಡಿ ಮಾತಾಡಿ. ನಿನ್ನೆ ಹೇಗಿತ್ತು, ಇವತ್ತು ಹೇಗಿದೆ, ನಾಳೆ ಏನಾಗಬಹುದು? ಮೂರೂ ಕಾಲಗಳು ಒಂದೇ ಹಣ್ಣಿನಲ್ಲಿ ಸಿಕ್ಕಿದವು. ಕಾಯಿ, ದೋರೆಗಾಯಿ, ಹಣ್ಣು, ಕಳಿತದ್ದು, ಕೊಳೆತದ್ದು ಎಂಬ ಪದಗಳು ಕ್ರಮವಾಗಿ ಬರುತ್ತವೆ. ಸರಿಯಾಗಿ ಹಣ್ಣಾಗದಾಗ ಒಂದು ಚೂರು ನಾಲಗೆಗೆ ಇಟ್ಟರೆ "ಒಗರು" ಎಂಬುದನ್ನು ವಿವರಿಸುವ ಕಷ್ಟವೇ ತಪ್ಪುತ್ತದೆ. (ದೊಡ್ಡವರಿಗೊಂದು ಮಾತು: ಒಗರು, ಖಾರ ಎರಡೂ ವಿಜ್ಞಾನದ ಲೆಕ್ಕದಲ್ಲಿ ರುಚಿಗಳಲ್ಲ. ಒಗರು ಸ್ಪರ್ಶದ ಅನುಭವ, ಖಾರ ಉರಿ. ಮಕ್ಕಳಿಗೆ ಇದನ್ನು ಹೇಳಿ ತಲೆ ಕೆಡಿಸಬೇಡಿ.)

ಹಂತ 5: ಹೋಟೆಲ್ ಆಟ

ಒಂದು ಮೇಜು, ಎರಡು ತಟ್ಟೆ, ಒಂದಿಷ್ಟು ಚೀಟಿ. ಒಬ್ಬರು ಅಡುಗೆಯವರು, ಒಬ್ಬರು ಸರ್ವರ್, ಉಳಿದವರು ಗಿರಾಕಿಗಳು. ಇಲ್ಲಿ ಬರುವ ಭಾಷೆ ಇಷ್ಟು ದಿನ ಬಂದದ್ದಕ್ಕಿಂತ ಬೇರೆ. ಮರ್ಯಾದೆಯಿಂದ ಕೇಳುವುದು, ಇಲ್ಲ ಎನ್ನುವುದು, ಸಮಾಧಾನ ಮಾಡುವುದು. ಮನೆಯಲ್ಲಿ "ನೀರು ಕೊಡು" ಎನ್ನುವ ಮಗು ಇಲ್ಲಿ "ನಿಮಗೇನು ಬೇಕು?" ಎಂದು ಬಹುವಚನಕ್ಕೆ ಬರುತ್ತದೆ.

ಒಂದೆರಡು ಸುತ್ತಾದ ಮೇಲೆ ನೀವು ಗಿರಾಕಿಯಾಗಿ, ಅದೂ ಕಿರಿಕಿರಿ ಮಾಡುವ ಗಿರಾಕಿ. "ನನ್ನ ಸೂಪ್ ತಣ್ಣಗಾಗಿದೆಯಲ್ಲ?" "ನಾನು ಹೇಳಿದ್ದು ಸೇಬು, ನೀವು ತಂದಿದ್ದು ಕ್ಯಾರೆಟ್." ಮಕ್ಕಳು ಕೊಡುವ ನೆಪಗಳನ್ನು ಕೇಳಬೇಕು. "ಅಡುಗೆಯವರು ಮಲಗಿದ್ದಾರೆ" ಎಂಬ ಉತ್ತರ ಬಂದರೆ, ಕಾರಣ ಕೊಟ್ಟು ವಾಕ್ಯ ಕಟ್ಟುವುದು ಬಂದಿದೆ ಎಂದೇ ಲೆಕ್ಕ.

ಸರ್ವರ್ ಕೈಯಲ್ಲಿ ಪೆನ್ಸಿಲ್ ಇರಲಿ. ಚೀಟಿಯಲ್ಲಿ ಗೀಚಿದ್ದು ನಿಮಗೆ ಓದಲು ಬಾರದಿರಬಹುದು. "ಏನು ಬರ್ಕೊಂಡ್ರಿ, ಸ್ವಲ್ಪ ಓದಿ" ಎಂದು ಕೇಳಿ. ಹೇಳಿದ ಮಾತನ್ನು ಬರೆದಿಡಬಹುದು ಎಂಬುದು ಗೊತ್ತಾದ ಮಗುವಿಗೆ ಅಕ್ಷರ ಯಾಕೆ ಬೇಕು ಎಂದು ಬೇರೆ ಹೇಳಬೇಕಿಲ್ಲ.

ಹಂತ 6: ಸದ್ದು, ಆಮೇಲೆ ಅಕ್ಷರ

ಚಪ್ಪಾಳೆ ತಟ್ಟುತ್ತಾ ಪದ ಒಡೆಯಿರಿ. ಸೇ-ಬು, ಎರಡು. ಟೊ-ಮೇ-ಟೊ, ಮೂರು. ಬಾ-ಳೆ-ಹ-ಣ್ಣು, ನಾಲ್ಕು. ಯಾವುದಕ್ಕೆ ಜಾಸ್ತಿ ಚಪ್ಪಾಳೆ? ಕನ್ನಡದ ಮಕ್ಕಳಿಗೆ ಈ ತುಂಡು ಬೇಗ ಸಿಗುತ್ತದೆ, ಏಕೆಂದರೆ ನಮ್ಮ ಬರಹವೂ ಇದೇ ಅಳತೆಯಲ್ಲಿದೆ. ಅಕ್ಷರದೊಳಗಿನ ವ್ಯಂಜನ, ಸ್ವರ ಬೇರೆ ಬೇರೆಯಾಗಿ ಕೇಳಿಸುವುದು ತಡವಾಗಿ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು. ಆದ್ದರಿಂದ "ಬ್ ಸದ್ದಿನಿಂದ ಶುರುವಾಗುವ ತಿಂಡಿ ಹೇಳು" ಎಂಬುದು ನಾಲ್ಕು ವರ್ಷದ ಮಗುವಿಗೆ ಒಗಟು. "ಬೆ" ಕೇಳಿ: ಬೆಣ್ಣೆ, ಬೆಳ್ಳುಳ್ಳಿ, ಬೆಂಡೆಕಾಯಿ. "ಬಾ" ಬೇರೆ ದಿನಕ್ಕಿರಲಿ.

ಪ್ರಾಸಕ್ಕೆ ಬೆಣ್ಣೆ-ಎಣ್ಣೆ, ಹಾಲು-ಕಾಲು, ಉಪ್ಪು-ಸೊಪ್ಪು. ಇದಕ್ಕಿಂತ ಮಜಾ ಇರುವುದು ನಾವು ದಿನಾ ಆಡುವ ಮಾತಿನಲ್ಲೇ. ಹಾಲು-ಗೀಲು, ಸೇಬು-ಗೀಬು, ಗೆಣಸು-ಗಿಣಸು. ಹಾಗಾದರೆ ಕ್ಯಾರೆಟ್‌ಗೆ? "ಗೀರೆಟ್!" ಮೊದಲ ಸದ್ದು ತೆಗೆದು ಬೇರೆಯದನ್ನು ಕೂಡಿಸುವುದು ಓದು ಕಲಿಯಲು ಬೇಕಾಗುವ ಕೌಶಲವೇ. ಮಕ್ಕಳಿಗೆ ಅದು ಬರೀ ನಗು.

ಹಂತ 7: ಮಾಡಿದ್ದನ್ನು ಹೇಳುವುದು

ಪಾನಕ ಮಾಡುವಾಗ ನಾಲ್ಕು ಫೋಟೊ ತೆಗೆದಿಡಿ, ಇಲ್ಲವೇ ಚಿತ್ರ ಬರೆಯಿರಿ. ಮಕ್ಕಳು ಕ್ರಮವಾಗಿ ಜೋಡಿಸಲಿ. ಮೊದಲು, ಆಮೇಲೆ, ಅಷ್ಟರಲ್ಲಿ, ಕೊನೆಗೆ. ಅವರು ಹೇಳಿದ್ದನ್ನು ಅವರ ಪದದಲ್ಲೇ ಚಿತ್ರದ ಕೆಳಗೆ ಬರೆಯಿರಿ. ಪಿನ್ ಹೊಡೆದರೆ ಅವರದೇ ಪುಸ್ತಕ.

ಈ ಪುಸ್ತಕವನ್ನು ಓದುವಾಗ ನೀವು ಓದಬೇಡಿ, ಓದಿಸಿಕೊಳ್ಳಿ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಂದೆತಾಯಿ ಚಿತ್ರಪುಸ್ತಕ ಓದುವಾಗ ಪ್ರಶ್ನೆ ಕೇಳಿ, ಮಗುವಿನ ಉತ್ತರವನ್ನು ಸ್ವಲ್ಪ ಹಿಗ್ಗಿಸಿ ಹೇಳುವುದನ್ನು ಕಲಿತಿದ್ದರು. ಒಂದು ತಿಂಗಳಲ್ಲಿ ಆ ಮಕ್ಕಳು ಮಾತಾಡುವ ಪರೀಕ್ಷೆಗಳಲ್ಲಿ ಉಳಿದವರಿಗಿಂತ ಮುಂದಿದ್ದರು. "ಹಿಂಡ್ತಿದ್ದೀನಿ" ಎಂದರೆ "ಹೌದು, ನಿಂಬೆಹಣ್ಣನ್ನ ಎರಡೂ ಕೈಯಲ್ಲಿ ಹಿಂಡ್ತಿದ್ದೀಯ" ಎನ್ನಿ. ಒಂದೆರಡು ಪದ ಮಾತ್ರ ಹೆಚ್ಚಿರಲಿ. ಭಾಷಣ ಬೇಡ.

ನಡುವೆ ಬರುವ ತೊಡಕುಗಳು

ತಿನ್ನಲು ಒಲ್ಲದ ಮಗುವನ್ನು ಒತ್ತಾಯ ಮಾಡಬೇಡಿ. ಹೊಸ ರುಚಿಗೆ ಒಗ್ಗಲು ಮಕ್ಕಳಿಗೆ 8-10 ಸಲ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕಾಗುತ್ತದೆ. ಈ ಆಟದ ಗುರಿ ಊಟವಲ್ಲ. ಮುಟ್ಟಿದರೆ ಸಾಕು, ಮೂಸಿದರೆ ಇನ್ನೂ ಒಳ್ಳೆಯದು. "ಛೀ" ಎನ್ನುವ ಜಾಗದಲ್ಲಿ "ನನಗೆ ಬೇಡ, ತುಂಬ ಹುಳಿ" ಎನ್ನಲು ಕಲಿಸಿ. ಬೇಡ ಎನ್ನುವುದಕ್ಕೆ ಕಾರಣ ಸೇರಿದರೆ ಒಂದು ಪೂರ್ತಿ ವಾಕ್ಯ ಆಯಿತು. ತಿಂಡಿಯನ್ನು ಸರಿ ಉತ್ತರಕ್ಕೆ ಬಹುಮಾನ ಮಾಡುವುದಂತೂ ಬೇಡವೇ ಬೇಡ.

ಮನೆಮಾತು ಬೇರೆ ಇರುವ ಮಗು ಎರಡು ಭಾಷೆ ಬೆರೆಸಿ ಮಾತಾಡಿದರೆ ಗಾಬರಿಯಾಗಬೇಡಿ. ಅದು ಸಹಜ. "ನಿಮ್ಮ ಮನೇಲಿ ಇದಕ್ಕೇನಂತಾರೆ?" ಎಂದು ಕೇಳಿ, ಎಲ್ಲರೂ ಆ ಪದವನ್ನು ಒಮ್ಮೆ ಹೇಳಿ. ಇಷ್ಟು ದಿನ ಮೂಲೆಯಲ್ಲಿದ್ದ ಮಗು ಆ ಹೊತ್ತು ಟೀಚರ್ ಆಗುತ್ತದೆ.

ಕಲಿತರೋ ಇಲ್ಲವೋ

ಪರೀಕ್ಷೆ ಮಾಡಬೇಡಿ, ಕಿವಿ ಕೊಡಿ. ಆಟ ಮುಗಿದ ಮೇಲೆ ಬೇರೆಲ್ಲೋ ಆ ಪದ ಬಂತಾ? ಕೈ ತೊಳೆಯುವಾಗ "ಸೋಪು ಕರಗಿಹೋಗಿದೆ" ಎಂದರೆ ಆ ಪದ ಮಗುವಿನದಾಯಿತು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ದಿನಾಂಕ, ಮಗು ಆಡಿದ ವಾಕ್ಯ ಎರಡನ್ನೇ ಬರೆದಿಡಿ. ಹದಿನೈದು ದಿನದಲ್ಲಿ ಎಲ್ಲೂ ಕೇಳಿಸದ ಪದಗಳನ್ನು ಮುಂದಿನ ವಸ್ತುವಿನ ಪಟ್ಟಿಗೆ ದಾಟಿಸಿ. ನಿಂಬೆಯಲ್ಲಿ ಹತ್ತದ "ಸೋಸು" ಟೊಮೇಟೊ ಸೂಪಿನಲ್ಲಿ ಹತ್ತಬಹುದು.

ಈ ನೋಟ್‌ಬುಕ್ಕಿಗೆ ಇನ್ನೊಂದು ಉಪಯೋಗ ಇದೆ. ಎರಡೂವರೆ ವರ್ಷ ದಾಟಿದರೂ ಎರಡು ಪದ ಜೋಡಿಸದ ಮಗು, ಮೂರು ದಾಟಿದರೂ ಹೊರಗಿನವರಿಗೆ ಮಾತು ಬಹುಪಾಲು ಅರ್ಥವಾಗದ ಮಗು, ಆಡುತ್ತಿದ್ದ ಮಾತನ್ನು ಬಿಟ್ಟುಬಿಟ್ಟ ಮಗು ನಿಮ್ಮ ಗಮನಕ್ಕೆ ಬಂದರೆ ಆಟ ಹೆಚ್ಚಿಸಿ ಕಾಯುತ್ತಾ ಕೂರಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಲು ಹೇಳಿ, ಆಮೇಲೆ ವಾಕ್ ಚಿಕಿತ್ಸಕರನ್ನು ನೋಡಲಿ. ಹೋಗುವಾಗ ನೋಟ್‌ಬುಕ್ ಕೊಟ್ಟು ಕಳಿಸಿ. "ಸರಿಯಾಗಿ ಮಾತಾಡಲ್ಲ" ಎಂಬ ಒಂದು ಸಾಲಿಗಿಂತ ಮಗು ನಿಜವಾಗಿ ಆಡಿದ ಹತ್ತು ವಾಕ್ಯಗಳಿಂದ ಅವರಿಗೆ ತುಂಬ ತಿಳಿಯುತ್ತದೆ.